ಸುಣ್ಣದ ತಟ್ಟೆ

ಆವುಲಪ್ಪನಷ್ಟು ಶುಚಿಯ ಮನುಷ್ಯ ಶಿಡ್ಲಘಟ್ಟ ತಾಲ್ಲೂಕಿನಲ್ಲೇ ಇಲ್ಲ ಎಂದರೆ ಸಾದಲಿಯ ಕಡೆಯವರು ಯಾರೂ ಇಲ್ಲವೆನ್ನುವುದಿಲ್ಲ. ಅರವತ್ತೇಳರ ಮುದುಕ. ಬೆಳಿಗ್ಗೆ ಎದ್ದವನೇ ತಣ್ಣೀರು ಸುರಿದುಕೊಂಡು, ಒಗೆದ ಪಂಚೆ ಉಟ್ಟು, ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆರೆದು ನೋಡಿಕೊಂಡ ಮೇಲೆಯೇ ಕಾಫಿ ಲೋಟ ಮುಟ್ಟುವುದು. ಊಟದ ತಟ್ಟೆಯನ್ನು ಸೊಸೆ ತೊಳೆದಿಟ್ಟಿದ್ದರೂ ತಾನು ಇನ್ನೊಂದು ಸಲ ತೊಳೆಯುತ್ತಾನೆ. ಮಗ ಕೆಂಪರಾಜು ಹೈಸ್ಕೂಲು ಮೇಷ್ಟ್ರು, ಸೊಸೆ ಮಾಲಾ ಚಿಂತಾಮಣಿಯ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಇಬ್ಬರೂ ಈ ಶುಚಿಗೆ ಹೆದರಿಕೊಂಡೇ ಸಂಸಾರ ಮಾಡುತ್ತಾರೆ. ಹೊರಗಿನವರು ಮಾತ್ರ ಬಾಯಿ ತುಂಬ ಹೊಗಳುತ್ತಾರೆ. ಹೊಗಳುವವರಿಗೇನು, ಅವರ ಮನೆಯಲ್ಲಿ ಇವನು ಇರುವುದಿಲ್ಲವಲ್ಲ!

ಈ ಶುಚಿ ಎಲ್ಲಿಂದ ಬಂತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ನಾಯಿಯ ಕತೆ ಹೇಳಿದರೆ ನೀವು ಆವುಲಪ್ಪನನ್ನು ಬರೀ ಕಟುಕ ಎಂದುಕೊಂಡು ಎದ್ದುಹೋಗುತ್ತೀರಿ. ಕಟುಕ ಹೌದು. ಬರೀ ಕಟುಕ ಅಲ್ಲ.

ಇಪ್ಪತ್ತರ ಪ್ರಾಯದಲ್ಲಿ ಅವನು ಸಾದಲಿಯ ವೆಂಕಟರಾಮಪ್ಪನವರ ಹಿಪ್ಪುನೇರಳೆ ತೋಟದಲ್ಲಿ ಕೂಲಿಗಿದ್ದ. ಸೊಪ್ಪು ಕೊಯ್ದು, ಹೊರೆ ಹೊತ್ತು ತಂದು, ರೇಷ್ಮೆ ಹುಳು ಸಾಕುವ ಮನೆಯ ಹೊಸಿಲಿನಾಚೆ ಇಳಿಸಿ ಹಿಂದಕ್ಕೆ ಸರಿದು ನಿಲ್ಲಬೇಕು. ಒಳಕ್ಕೆ ಕಾಲಿಡುವಂತಿಲ್ಲ. ಹುಳು ಬಲು ನಾಜೂಕು, ಮೈಲಿಗೆ ತಾಕಿದರೆ ಬೆಳೆಯೇ ಹೋಗುತ್ತದೆ ಎನ್ನುವುದು ಊರ ಮಾತು. ಆವುಲಪ್ಪ ಊರಾಚೆಯ ಕಾಲೋನಿಯವನು. ಮೈಲಿಗೆ ಅಂದರೆ ಯಾರು ಅನ್ನುವುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ವರ್ಷ ಹುಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪಿಗೆ ಬಾಯಿ ಹಾಕುವ ಹೊತ್ತಿಗೆ ಸರಿಯಾಗಿ ಒಳಗಿನ ಆಳುಗಳು ಜಗಳವಾಡಿ ಕೆಲಸ ಬಿಟ್ಟು ಹೋದರು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ನಿದ್ದೆ. ಆ ಕೊನೆಯ ನಿದ್ದೆಯಿಂದ ಎದ್ದ ಹುಳುವಿನ ಹಸಿವು ಕಾಯುವುದಿಲ್ಲ. ವೆಂಕಟರಾಮಪ್ಪನವರು ಹೊಸಿಲಲ್ಲಿ ನಿಂತು ಸುತ್ತ ನೋಡಿದರು. ಕಣ್ಣಿಗೆ ಬಿದ್ದವನು ಇವನೊಬ್ಬ.

"ಆವುಲಾ, ಒಳಕ್ಕೆ ಬಾರೋ. ಆದ್ರೆ ತೊಟ್ಟೀಲಿ ನಿಂತ್ಕೊ. ನಾನು ಸಾಕು ಅನ್ನೋಗಂಟ ನಿಂತ್ಕೊ," ಎಂದರು.

ಬಾಗಿಲಲ್ಲಿ ಒಂದು ಸಣ್ಣ ಸಿಮೆಂಟು ತೊಟ್ಟಿ. ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರು ಅದರಲ್ಲಿ. ಮಿಕ್ಕವರು ಒಂದು ಸಲ ಕಾಲದ್ದಿ ಒಳಗೆ ಹೋಗುತ್ತಿದ್ದರು. ಆವುಲಪ್ಪನ ಕಾಲು ಅಷ್ಟಕ್ಕೆ ಶುದ್ಧವಾಗುತ್ತದೆಯೇ? ಅವನು ನಿಂತ. ಕಾಲು ಗಂಟೆ, ಕೆಲವೊಮ್ಮೆ ಅರ್ಧ ಗಂಟೆ. ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕು, ನಾಲ್ಕು ಸಲ ನಿಲ್ಲಬೇಕು. ಮೂರನೇ ದಿನಕ್ಕೆ ಬೆರಳಿನ ಸಂದಿ ಬೆಳ್ಳಗೆ ಬೆಂದು ಸುಲಿಯಿತು. ಐದನೇ ದಿನಕ್ಕೆ ಹಿಮ್ಮಡಿ ಬಿರಿದು ರಕ್ತ ಬಂತು. ಕಾಲು ಎತ್ತಿ ಎತ್ತಿ ಇಡುತ್ತಿದ್ದರೆ ವೆಂಕಟರಾಮಪ್ಪನವರು ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ, "ಅಲ್ಲಾಡಬೇಡ ಕಣೋ, ಇನ್ನೊಂದು ಚೂರು," ಎನ್ನುತ್ತಿದ್ದರು. ಕೊನೆಗೆ ಸಾಕು ಎಂದು ಕೈಯೆತ್ತಿದಾಗ ಒಂದು ಮಾತು ಹೇಳುತ್ತಿದ್ದರು. "ಭೇಷ್ ಕಣೋ ಆವುಲಾ!"

ಆ ಸಲ ರೇಷ್ಮೆಗೂಡಿನ ಬೆಳೆ ಹಿಂದೆಂದೂ ಆಗದ ಹಾಗೆ ಆಯಿತು. ಆವುಲಪ್ಪನ ಕೈಗುಣ ಎಂದರು ಜನ. ಆಮೇಲೆ ಅವನನ್ನು ಬಿಟ್ಟು ಆ ಮನೆಯಲ್ಲಿ ಹುಳು ಮೇಯಲಿಲ್ಲ. ಹನ್ನೊಂದು ವರ್ಷ ಅವನು ಆ ತೊಟ್ಟಿಯಲ್ಲಿ ನಿಂತ. ಕಾಲು ಕೊನೆಗೆ ಆನೆಯ ತೊಗಲಾಯಿತು. ಈಗಲೂ ಬೆರಳಿನ ಸಂದಿಯಲ್ಲಿ ಚರ್ಮ ಗುಲಾಬಿ ಬಣ್ಣಕ್ಕಿದೆ, ಅಲ್ಲಿ ಕೂದಲು ಹುಟ್ಟುವುದಿಲ್ಲ, ಚಳಿಗೆ ಈಗಲೂ ಉರಿಯುತ್ತದೆ. ಇಷ್ಟಾದರೂ ಆವುಲಪ್ಪ ತನ್ನ ಜೀವಮಾನದಲ್ಲಿ ವೆಂಕಟರಾಮಪ್ಪನವರ ಮೇಲೆ ಒಂದು ಕೆಟ್ಟ ಮಾತು ಆಡಿದವನಲ್ಲ. "ಅವ್ರು ನನ್ನ ಮನುಷ್ಯನ್ನ ಮಾಡಿದ್ರು. ಕಾಲು ಸುಡ್ತು, ನಿಜ. ಸುಡದೆ ಯಾರು ಕಲಿತಾರೆ?" ಎನ್ನುತ್ತಾನೆ. ಕೇಳಿದವರಿಗೆ ಮೈ ಉರಿಯುತ್ತದೆ, ಅವನಿಗಲ್ಲ.

ಮುಂದೆ ಸರ್ಕಾರದಿಂದ ಒಂದೂವರೆ ಎಕರೆ ಮಂಜೂರಾಯಿತು. ತನ್ನದೇ ಹಿಪ್ಪುನೇರಳೆ ನೆಟ್ಟ, ತನ್ನದೇ ಹುಳುಮನೆ ಕಟ್ಟಿದ, ತನ್ನದೇ ಬಾಗಿಲಿಗೆ ತೊಟ್ಟಿ ಕಟ್ಟಿದ. ಹೆಂಡತಿ ಮುನಿಗಂಗಮ್ಮ ಅದರಲ್ಲಿ ಕಾಲದ್ದಿದಳು, ಮಗ ಕೆಂಪರಾಜು ಅದ್ದಿದ, ರೇಷ್ಮೆ ಇಲಾಖೆಯವರು ಬೂಟು ಬಿಚ್ಚಿ ಅದ್ದಿದರು. ಒಬ್ಬರು ಮಾತ್ರ ಅದ್ದಲಿಲ್ಲ. ಮುದುಕರಾಗಿದ್ದ ವೆಂಕಟರಾಮಪ್ಪನವರು ಒಂದು ದಿನ ಕೋಲೂರಿಕೊಂಡು, ಕೆಸರು ಕಾಲಿನಲ್ಲೇ, ಹುಳು ನೋಡಲು ಬಂದರು. ಆವುಲಪ್ಪ ಕೈ ಮುಗಿದು, "ನೀವು ಹಂಗೇ ಬನ್ನಿ ಸ್ವಾಮಿ," ಎಂದ. ಆ ಬೆಳೆ ಪೂರ್ತಿ ಹೋಯಿತು. ಹುಳು ತಟ್ಟೆ ತಟ್ಟೆಯಲ್ಲೇ ಕರಗಿ ನಾರಿದವು. ಅವನ ಬದುಕಿನಲ್ಲಿ ಹೋದದ್ದು ಅದೊಂದೇ ಬೆಳೆ. ಹುಳುವನ್ನೆಲ್ಲ ಗುಂಡಿಗೆ ಸುರಿದು ಬಂದವನು, ನೀನೇ ಕಾಲು ತೊಳೆಯದೆ ಬಂದಿದ್ದೀಯ ಎಂದು ಕೆಂಪರಾಜುವಿಗೆ ಹಿಪ್ಪುನೇರಳೆ ಕಡ್ಡಿ ಮುರಿಯುವ ತನಕ ಹೊಡೆದ. ಕೆಂಪರಾಜುಗೆ ಆಗ ಹನ್ನೊಂದು ವರ್ಷ. ಅವನು ಕಾಲು ತೊಳೆದಿದ್ದ.

ಈಗ ನಾಯಿಯ ಕತೆ.

ಮುನಿಗಂಗಮ್ಮ ತೀರಿಕೊಂಡ ಮೇಲೆ ಆವುಲಪ್ಪ ತೋಟವನ್ನು ಗುತ್ತಿಗೆಗೆ ಬಿಟ್ಟು ಶಿಡ್ಲಘಟ್ಟಕ್ಕೆ ಮಗನ ಮನೆಗೆ ಬಂದ. ಹೊಸ ಬಡಾವಣೆಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆ ಒಡತಿ ಶ್ಯಾಮಲಮ್ಮ. ಆ ಮನೆ ಸಿಗುವುದಕ್ಕೆ ಮುಂಚೆ ಕೆಂಪರಾಜು ಐದು ಮನೆ ನೋಡಿದ್ದ. ಐದೂ ಕಡೆ ಮೊದಲು ಚೆನ್ನಾಗಿ ಮಾತಾಡಿ, ಮೂರನೇ ಮಾತಿಗೆ ಯಾವ ಜನ ಎಂದು ಕೇಳಿ, ನಾಲ್ಕನೇ ಮಾತಿಗೆ ನಮ್ಮ ಅಳಿಯನೇ ಬರುತ್ತಾನಂತೆ ಎಂದಿದ್ದರು. ಶ್ಯಾಮಲಮ್ಮನೂ ಕೇಳಿದಳು. ಕೇಳಿ, ಒಂದು ವಾರ ಯೋಚಿಸಿ, "ಮೇಷ್ಟ್ರಲ್ವಾ, ಕ್ಲೀನಾಗಿದ್ರೆ ಸಾಕು," ಎಂದು ಕೊಟ್ಟಳು. ಆ ಮಾತನ್ನು ಮಗ ಮರೆತ, ಸೊಸೆ ಮರೆತಳು. ಆವುಲಪ್ಪ ಮರೆಯಲಿಲ್ಲ. ದಿನಾ ಬೆಳಿಗ್ಗೆ ಮೆಟ್ಟಿಲನ್ನು ಮೇಲಿಂದ ಕೆಳಗೆ ಗುಡಿಸಿ ಒರೆಸುತ್ತಿದ್ದ. ಶ್ಯಾಮಲಮ್ಮ ಅದನ್ನು ನೋಡಿಯೂ ಅವನ ಹೆಸರು ಹಿಡಿದು ಒಂದು ದಿನವೂ ಕರೆದವಳಲ್ಲ. "ಮೇಷ್ಟ್ರ ತಂದೆಯೋರೇ" ಅನ್ನುತ್ತಿದ್ದಳು.

ಮೊಮ್ಮಗಳು ಸಂಘಮಿತ್ರಳಿಗೆ ಹತ್ತು ತುಂಬಿದಾಗ ಕೆಂಪರಾಜು ಒಂದು ಬಿಳಿ ಪಮೇರಿಯನ್ ಮರಿ ತಂದ. ಎರಡು ಅಂಗೈ ತುಂಬುವಷ್ಟು ಜೀವ. ಹುಡುಗಿ ಅದಕ್ಕೆ ಕಡ್ಲೆ ಎಂದು ಹೆಸರಿಟ್ಟಳು, ಪುಸ್ತಕದ ಚೀಲದ ಪಕ್ಕದಲ್ಲೇ ಮಲಗಿಸಿಕೊಂಡಳು. ಆವುಲಪ್ಪ ತನ್ನ ಹಾಸಿಗೆಯನ್ನು ದೂರಕ್ಕೆ ಎಳೆದುಕೊಂಡ. ಮನೆಯೊಳಗೆ ನಾಯಿ!

"ಕೆಳಗೆ ಕರ್ಕೊಂಡೋಗಿ ಮಾಡಿಸ್ಕೊಂಡು ಬಾರಮ್ಮ," ಎಂದ.

ಅದಾಗುವಂತಿರಲಿಲ್ಲ. ತನ್ನ ಅಂಗಳಕ್ಕೆ ನಾಯಿ ಇಳಿಯಕೂಡದು ಎಂದು ಶ್ಯಾಮಲಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು. ಅಂಗಳ ದಾಟಿದರೆ ರಸ್ತೆಯ ಬೀದಿನಾಯಿಗಳು. ಅವುಗಳ ಬಾಯಿಗೆ ಕಡ್ಲೆ ಒಂದು ತುತ್ತಿಗೂ ಸಾಲುತ್ತಿರಲಿಲ್ಲ. ಅದಕ್ಕೇ ಕೆಂಪರಾಜು ಅಂಗಡಿಯಿಂದ ಒಂದು ಅಗಲವಾದ ಪ್ಲಾಸ್ಟಿಕ್ ತಟ್ಟೆ ತಂದು, ಅಡುಗೆಮನೆಯ ಹಿಂದೆ ಬಟ್ಟೆ ಒಗೆಯುವ ಜಾಗದಲ್ಲಿ ಇಟ್ಟು, ಹಳೇ ಪೇಪರು ಹಾಸಿ, "ಇಲ್ಲೇ ಮಾಡೋದಕ್ಕೆ ಅಭ್ಯಾಸ ಮಾಡಿಸ್ಬೇಕಪ್ಪ," ಎಂದ.

ಅಭ್ಯಾಸ ಆಗುವ ಮೊದಲೇ ಅನಾಹುತವಾಯಿತು. ಮರಿ ತಟ್ಟೆಯ ಪಕ್ಕದಲ್ಲಿ ಉಚ್ಚೆ ಹೊಯ್ದದ್ದು ನೀರು ಹೋಗುವ ಕೊಳವೆಯಲ್ಲಿ ಇಳಿದು, ಕೆಳಗೆ ಶ್ಯಾಮಲಮ್ಮ ಒಣಹಾಕಿದ್ದ ಮಡಿಬಟ್ಟೆಯ ಮೇಲೆ ಬಿತ್ತು. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ಅಕ್ಕಪಕ್ಕದ ಮನೆಯವರಿಗೆಲ್ಲ ಕೇಳುವ ಹಾಗೆ ಮಾತಾಡಿದಳು.

"ಮನೆ ಕೊಡೋವಾಗ್ಲೇ ನಮ್ಮನೇವ್ರಿಗೆ ಹೇಳ್ದೆ, ಯೋಚ್ನೆ ಮಾಡಿ ಅಂತ. ಓದಿದೋರು ಅಂದ್ರು. ಓದಿದ್ರೇನು, ಹುಟ್ಟಿದ ಅಭ್ಯಾಸ ಎಲ್ಲೋಗ್ತದೆ? ಹದಿನೈದು ದಿನ ಟೈಮು ಕೊಡ್ತೀನಿ. ಭಾನ್ವಾರ ಬಂದು ನಾನೇ ಕಣ್ಣಾರೆ ನೋಡ್ತೀನಿ. ನಾಯಿಗೆ ಬುದ್ಧಿ ಬಂದಿರ್ಬೇಕು, ಇಲ್ಲಾಂದ್ರೆ ನಾಯೀನೂ ಬೇಡ, ನೀವೂ ಬೇಡ."

ಕೆಂಪರಾಜು ಮೇಲೆ ಬಂದು ಮರಿಯನ್ನು ವಾಪಸು ಕೊಟ್ಟುಬಿಡುತ್ತೇನೆ ಎಂದ. ಸಂಘಮಿತ್ರ ಅದನ್ನು ಎದೆಗವಚಿಕೊಂಡು ಮಂಚದ ಕೆಳಗೆ ಸೇರಿದಳು. ಊಟಕ್ಕೆ ಕರೆದರೂ ಬರಲಿಲ್ಲ, ಅಳಲೂ ಇಲ್ಲ. ಆವುಲಪ್ಪನಿಗೆ ಕಿವಿಯಲ್ಲಿ ಒಂದೇ ಮಾತು ಕುಟ್ಟುತ್ತಿತ್ತು. ಹುಟ್ಟಿದ ಅಭ್ಯಾಸ! ತನ್ನ ಐವತ್ತು ವರ್ಷದ ಸ್ನಾನ, ಐವತ್ತು ವರ್ಷದ ತೊಳೆದ ಪಂಚೆ, ಸುಟ್ಟ ಕಾಲು, ಎಲ್ಲವನ್ನೂ ಒಂದು ಮರಿ ಒಂದು ಸಲ ಹೊಯ್ದು ತೊಳೆದುಹಾಕಿತ್ತು. ಅವನು ಮಂಚದ ಬಳಿ ಬಗ್ಗಿ, "ಆಚೆ ಬಾರಮ್ಮ ಮಿತ್ರಮ್ಮ. ಹದಿನೈದು ದಿನದಲ್ಲಿ ನಾನು ಕಲಿಸ್ತೀನಿ. ಸಾವಿರಾರು ಹುಳು ಸಾಕಿದೋನು, ಒಂದು ಮರಿ ಏನು ಮಹಾ," ಎಂದ. ಹುಡುಗಿ ನಂಬಿ ಹೊರಗೆ ಬಂದಳು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಮೊದಲ ನಾಲ್ಕು ದಿನ ಮುದುಕ ಚೆನ್ನಾಗಿಯೇ ಕಲಿಸಿದ. ಹುಳುವಿಗೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದ ಕೈ ಅದು. ಮರಿ ಹಾಲು ಕುಡಿದ ಹತ್ತು ನಿಮಿಷಕ್ಕೆ, ನಿದ್ದೆಯಿಂದ ಎದ್ದ ತಕ್ಷಣ, ಆಟ ಮುಗಿದ ಕೂಡಲೇ ಎತ್ತಿ ತಟ್ಟೆಯಲ್ಲಿ ಬಿಡುತ್ತಿದ್ದ. ಮಾಡಿದರೆ ಒಂದು ಚೂರು ಬಿಸ್ಕತ್ತು, ಜೊತೆಗೆ "ಭೇಷ್!" ನಾಲ್ಕನೇ ದಿನ ಕಡ್ಲೆ ತಾನಾಗಿಯೇ ಓಡಿಹೋಗಿ ತಟ್ಟೆ ಹತ್ತಿ, ಕೆಲಸ ಮುಗಿಸಿ, ಅಲ್ಲೇ ಕೂತು, ಮುಖ ಎತ್ತಿ ಮುದುಕನನ್ನು ನೋಡಿತು. ಭೇಷ್ ಅನ್ನುವ ತನಕ ಇಳಿಯಲಿಲ್ಲ. ಸಂಘಮಿತ್ರ ಚಪ್ಪಾಳೆ ತಟ್ಟಿ ತಾತನ ಕೊರಳಿಗೆ ಜೋತುಬಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕತೆ ಹೇಳುತ್ತಲೂ ಇರಲಿಲ್ಲ.

ಐದನೇ ದಿನ ಶ್ಯಾಮಲಮ್ಮ ಕೆಳಗಿನಿಂದ, "ವಾಸ್ನೆ ಬರ್ತಿದೆಯಪ್ಪಾ," ಎಂದು ಯಾರಿಗೋ ಹೇಳುವ ಹಾಗೆ ಗಾಳಿಗೆ ಹೇಳಿದಳು. ಅಷ್ಟು ಸಾಕಾಯಿತು. ಆವುಲಪ್ಪ ಅಟ್ಟದ ಮೇಲಿಂದ ತನ್ನ ಹಳೇ ಡಬ್ಬ ಇಳಿಸಿದ. ಹುಳುಮನೆಯಿಂದ ತಂದದ್ದು, ಸುಣ್ಣದ ಪುಡಿ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿ ಇಟ್ಟದ್ದು. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒದ್ದೆಯಾಗದಿರಲಿ ಎಂದು ತೆಳ್ಳಗೆ ಸುಣ್ಣ ಉದುರಿಸುವುದು ಎಲ್ಲ ಸಾಕಣೆಯವರ ಪದ್ಧತಿ. ಬ್ಲೀಚಿಂಗ್ ಸೇರಿಸಿ ನೆಲಕ್ಕೆ ಎರಚುವುದು ಬೇರೆ ಪದ್ಧತಿ. ಎರಡೂ ಅವನಿಗೆ ಕೈಗೆ ಬಂದ ವಿದ್ಯೆ. ಪೇಪರು ಕಿತ್ತೆಸೆದು ತಟ್ಟೆಯ ತುಂಬ ಒಂದು ಬೆರಳು ದಪ್ಪಕ್ಕೆ ಬಿಳಿ ಪುಡಿ ಹರಡಿದ. ವಾಸನೆ ಮಂಗಮಾಯ. ಅವನಿಗೆ ಎದೆ ಹಗುರಾಯಿತು, ಪುಡಿಯ ಘಾಟು ಮೂಗಿಗೆ ತಾಕಿ ಸ್ವಂತ ಊರಿಗೆ ಹೋದಷ್ಟು ಖುಷಿಯಾಯಿತು.

ಆ ದಿನ ಕಡ್ಲೆ ತಟ್ಟೆ ಹತ್ತಿ ಉಚ್ಚೆ ಹೊಯ್ದಿತು. ಒದ್ದೆಯಾದ ಸುಣ್ಣ ಕಾಲಿಗೆ ಮೆತ್ತಿಕೊಂಡಿತು. ಒಂದು ಗಳಿಗೆ ನಿಂತು, ಕುಂಯ್ ಎಂದು ಹಾರಿ ಓಡಿತು. ಮೂಲೆಯಲ್ಲಿ ಕೂತು ಪಾದ ನೆಕ್ಕಿತು. ಮಾರನೆಯ ದಿನ ತಟ್ಟೆಯ ಅಂಚಿನ ತನಕ ಬಂದು ಮೂಸಿ ಹಿಂದಕ್ಕೆ ಸರಿದು, ಬಾಗಿಲ ಸಂದಿಯಲ್ಲಿ ಮಾಡಿತು.

"ಏಮಿರಾ! ನಿನ್ನೆ ಗೊತ್ತಿತ್ತು, ಇವತ್ತು ಗೊತ್ತಿಲ್ವಾ? ಕೊಬ್ಬು!" ಎಂದ ಆವುಲಪ್ಪ. ಮೂತಿ ಹಿಡಿದು ಆ ಒದ್ದೆಗೆ ಉಜ್ಜಿದ. ಎತ್ತಿ ಸುಣ್ಣದಲ್ಲಿ ನಿಲ್ಲಿಸಿದ. ಮರಿ ಹಾರಿತು. ಮತ್ತೆ ನಿಲ್ಲಿಸಿದ. ಅದು ಅವನ ಕೈಯನ್ನು ನೆಕ್ಕಿ ನೆಕ್ಕಿ ಬೇಡಿಕೊಂಡಿತು. ಇವನು ಅದನ್ನು ನಾಟಕ ಎಂದುಕೊಂಡ.

ಅಲ್ಲಯ್ಯಾ ಮುದುಕಾ, ಸುಣ್ಣದ ನೀರು ಏನು ಮಾಡುತ್ತದೆ ಎಂದು ಈ ಭೂಮಿಯ ಮೇಲೆ ನಿನಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಗೊತ್ತಿತ್ತು. ಗೊತ್ತಿಲ್ಲದೆ ಏನು! ಅವನ ಲೆಕ್ಕದಲ್ಲಿ ಸುಡುವುದೇ ಕಲಿಸುವುದು. ತನಗೆ ಹಾಗೇ ಕಲಿಸಿದ್ದರು, ತಾನು ಕಲಿತಿದ್ದ. ಕಾಲು ಸುಟ್ಟರೆ ಸುಟ್ಟುಕೊಳ್ಳಲಿ, ನಾಲ್ಕು ದಿನಕ್ಕೆ ಗಟ್ಟಿಯಾಗುತ್ತದೆ. ಎರಡು ತಿಂಗಳ ಮರಿಯ ಪಾದ ಎಷ್ಟು ಮೆದುವೆಂದು, ನಾಯಿ ತನ್ನ ಪಾದವನ್ನು ನಾಲಿಗೆಯಿಂದಲೇ ತೊಳೆಯುತ್ತದೆ ಎಂದು, ಅವನ ತಲೆಗೆ ಹೊಳೆಯಲೇ ಇಲ್ಲ.

ಎಂಟನೇ ದಿನದಿಂದ ಹೊಸ ಉಪಾಯ. ಮಗ, ಸೊಸೆ, ಮೊಮ್ಮಗಳು ಮನೆಬಿಟ್ಟ ಮೇಲೆ ಮರಿಯನ್ನು ತಟ್ಟೆಯಲ್ಲಿಟ್ಟು, ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟನ್ನು ಅದರ ಮೇಲೆ ಬೋರಲು ಹಾಕಿ, ಮೇಲೆ ಒಂದು ಕಲ್ಲು ಹೇರಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಒಳಗೆ ಮರಿ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿತ್ತು, ಅದನ್ನು ಎತ್ತಿ ಇದನ್ನು ಇಡುತ್ತಿತ್ತು. ಮೊದಮೊದಲು ಕಿರುಚಾಟ. ಕೆಳಗೆ ಕೇಳಿಸೀತೆಂದು ಅವನು ಟೀವಿ ಜೋರು ಮಾಡುತ್ತಿದ್ದ. "ಅಲ್ಲಾಡಬೇಡ. ಇನ್ನೊಂದು ಚೂರು," ಎನ್ನುತ್ತಿದ್ದ. ಆ ಮಾತು ಯಾರದೆಂದು ಅವನಿಗೆ ನೆನಪಾಯಿತೋ ಇಲ್ಲವೋ, ದೇವರಿಗೇ ಗೊತ್ತು. ಒಳಗೇ ಮಾಡಿದರೆ ಕ್ರೇಟು ತೆಗೆದು, "ಭೇಷ್!" ಎಂದು ಬಿಸ್ಕತ್ತು ಕೊಡುತ್ತಿದ್ದ.

ಬಿಸ್ಕತ್ತನ್ನು ಮರಿ ಮೂಸಿ ಬಿಡತೊಡಗಿತು. ಅದೂ ಕೊಬ್ಬೇ ಎಂದುಕೊಂಡ. ಬಿಳಿ ಮರಿಯ ಬಿಳಿ ಕೂದಲಿನಲ್ಲಿ ಬಿಳಿ ಪುಡಿ ಯಾರಿಗೂ ಕಾಣಲಿಲ್ಲ. ಸಂಜೆ ಬಂದವರು ಅದು ಮೂಲೆಯಲ್ಲಿ ಮುದುಡಿ ಮಲಗಿರುವುದನ್ನು ನೋಡಿ, ತಾತ ಚೆನ್ನಾಗಿ ಆಟವಾಡಿಸಿ ಸುಸ್ತು ಮಾಡಿದ್ದಾರೆ ಎಂದುಕೊಂಡರು.

ಒಂದು ದಿನ ಸಂಘಮಿತ್ರ ಶಾಲೆಯಿಂದ ಬೇಗ ಬಂದಳು. ಕ್ರೇಟು ಕಂಡಿತು, ಕಲ್ಲು ಕಂಡಿತು, ಒಳಗಿನ ಕಣ್ಣು ಕಂಡಿತು.

"ತಾತಾ, ಬಿಡಿ ತಾತಾ! ಪ್ಲೀಸ್ ತಾತಾ, ಅದು ಹೆದರ್ಕೊಂಡಿದೆ!"

"ಇನ್ನು ನಾಲ್ಕೇ ದಿನ ಇರೋದು ಕಣಮ್ಮ. ಆಯಮ್ಮ ಬರ್ತಾಳೆ. ನಿಂಗೆ ನಾಯಿ ಬೇಕಾ ಬೇಡ್ವಾ?"

ಹುಡುಗಿ ಕಲ್ಲಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನನ್ನೂ ಹಿಂಗೇ ನಿಲ್ಲಿಸ್ತಿದ್ರು. ನಾನೇನು ಸತ್ತೋದ್ನಾ?" ಎಂದು ಅವನು ಪಂಚೆ ಎತ್ತಿ, ಕಾಲು ಮುಂದಕ್ಕೆ ಚಾಚಿ, ಬೆರಳಿನ ಸಂದಿ ಬಿಡಿಸಿ ತೋರಿಸಿದ. ಪದಕ ತೋರಿಸುವ ಗತ್ತು ಅದರಲ್ಲಿ.

"ಅಳು ಬರ್ಲಿಲ್ವಾ ತಾತ?"

"ಅತ್ರೆ ಇನ್ನೂ ಅರ್ಧ ಗಂಟೆ ಜಾಸ್ತಿ."

ಸಂಘಮಿತ್ರ ಕ್ರೇಟಿನ ತೂತಿನಲ್ಲಿ ಬೆರಳು ತೂರಿಸಿ, "ಕಲ್ತ್ಕೊಳೋ ಕಡ್ಲೆ, ಬೇಗ ಕಲ್ತ್ಕೊಳೋ," ಎಂದು ಪಿಸುಗುಟ್ಟಿದಳು. ಹತ್ತು ವರ್ಷದ ಮಗುವನ್ನೂ ಮುದುಕ ತನ್ನ ಕಡೆಗೆ ಸೇರಿಸಿಕೊಂಡುಬಿಟ್ಟ. ಅವಳು ಅಪ್ಪ ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಮರಿಯನ್ನು ವಾಪಸು ಕೊಡುತ್ತಾರಲ್ಲ.

ಭಾನುವಾರ ಬಂತು. ಹನ್ನೊಂದು ಗಂಟೆಗೆ ಶ್ಯಾಮಲಮ್ಮ ಮೆಟ್ಟಿಲು ಹತ್ತಿದಳು. ಬಾಡಿಗೆಗೆ ಕೊಟ್ಟ ಮೇಲೆ ಅವಳು ಮೇಲೆ ಬಂದದ್ದು ಅದೇ ಮೊದಲು. ಮಾಲಾ ಕುರ್ಚಿ ಒರೆಸಿ ಹಾಕಿದಳು, ಅವಳು ಕೂರಲಿಲ್ಲ. ಕಾಫಿ ಕೊಟ್ಟಳು, ಈಗತಾನೇ ಕುಡಿದೆ ಎಂದು ಲೋಟವನ್ನು ಮುಟ್ಟದೆ ಅಲ್ಲೇ ಬಿಟ್ಟಳು. ಸೆರಗನ್ನು ಒಟ್ಟು ಮಾಡಿ ಹಿಡಿದುಕೊಂಡು, ಗೋಡೆಗೆ ತಾಕದ ಹಾಗೆ ನಡೆದು, ಬಟ್ಟೆ ಒಗೆಯುವ ಜಾಗದ ಬಾಗಿಲಲ್ಲಿ ನಿಂತಳು.

ಆವುಲಪ್ಪ ಚಿಟಿಕೆ ಹೊಡೆದ. ಮೂಲೆಯಿಂದ ಕಡ್ಲೆ ಎದ್ದಿತು. ಬೆನ್ನು ಬಗ್ಗಿತ್ತು, ಬಾಲ ಹೊಟ್ಟೆಯ ಕೆಳಗೆ ಸೇರಿತ್ತು. ನಡೆಯಿತು ಅನ್ನಬೇಕೋ, ಪಾದವನ್ನು ನೆಲಕ್ಕೆ ಸೋಕಿಸಿ ಸೋಕಿಸಿ ತೇಲಿತು ಅನ್ನಬೇಕೋ. ತಟ್ಟೆಯ ಮುಂದೆ ನಿಂತು ಮುದುಕನ ಮುಖ ನೋಡಿತು. ಮೈ ಗಡಗಡ ನಡುಗಿತು. ಆಮೇಲೆ, ಯಾರೂ ಎತ್ತಿಹಾಕದೆ, ಯಾರೂ ಹೊಡೆಯದೆ, ತಾನೇ ಹತ್ತಿ, ನಡುವಿಗೆ ಹೋಗಿ, ಉಚ್ಚೆ ಹೊಯ್ದು, ಅಲ್ಲಾಡದೆ ಅಲ್ಲೇ ಕೂತಿತು.

"ಭೇಷ್!" ಎಂದ ಆವುಲಪ್ಪ.

"ಪರ್ವಾಗಿಲ್ಲ," ಎಂದಳು ಶ್ಯಾಮಲಮ್ಮ. "ನಾಯಿಗೂ ಕಲಿಸ್ಬಿಟ್ರಲ್ಲ! ಸುಣ್ಣದ ವಾಸ್ನೆ ಬರ್ತಿದೆ, ಒಳ್ಳೇದೇ ಬಿಡಿ. ಇರಿ ನೀವು. ಕ್ಲೀನಾಗಿದ್ರೆ ನಂದೇನೂ ತಕರಾರಿಲ್ಲ." ಬಂದ ಹಾಗೇ ಸೆರಗು ಹಿಡಿದುಕೊಂಡು ಇಳಿದುಹೋದಳು.

ಆವುಲಪ್ಪನಿಗೆ ಆಕಾಶ ಮೂರೇ ಗೇಣು. ಕೆಂಪರಾಜು ಅಪ್ಪನ ಭುಜ ತಟ್ಟಿದ. ಸಂಘಮಿತ್ರ ಓಡಿಬಂದು ಮರಿಯನ್ನು ಬಾಚಿ ಎತ್ತಿಕೊಂಡು ಮುದ್ದಾಡಿ, ಇದ್ದಕ್ಕಿದ್ದಂತೆ ನಿಂತಳು. ಅವಳ ಹಳದಿ ಫ್ರಾಕಿನ ಎದೆಯ ಮೇಲೆ ನಾಲ್ಕು ಕಡೆ ಒದ್ದೆ ಕೆಂಪು.

ಅವಳು ಮರಿಯ ಪಾದವನ್ನು ತಿರುಗಿಸಿ ನೋಡಿದಳು. ಪಾದದಡಿಯ ಕಪ್ಪು ಮೆತ್ತೆ ಸುಲಿದು ಹೋಗಿ ಹಸಿ ಮಾಂಸ ಕಾಣುತ್ತಿತ್ತು. ಬೆರಳ ಸಂದಿಯಲ್ಲಿ ಕೂದಲು ಉದುರಿ ಗುಲಾಬಿ ಚರ್ಮ. ಅವಳು ಕಿರುಚಲಿಲ್ಲ. ತಾತನ ಹತ್ತಿರ ಬಂದು, ಮರಿಯ ಕಾಲನ್ನು ಅವನ ಕಾಲಿನ ಪಕ್ಕಕ್ಕೆ ಹಿಡಿದು ಹೇಳಿದಳು:

"ತಾತ, ನಿಮ್ ಕಾಲಿನ ಥರಾನೇ ಆಗಿದೆ."

ಆಗ ಕಂಡಿತು ಅವನಿಗೆ. ಅರವತ್ತೇಳು ವರ್ಷದ ಮನುಷ್ಯನಿಗೆ ಆಗ ಕಂಡಿತು.

ಭಾನುವಾರ ದನದಾಸ್ಪತ್ರೆ ಮುಚ್ಚಿತ್ತು. ಕೆಂಪರಾಜು ಬೈಕು ತೆಗೆದ, ಆವುಲಪ್ಪ ಹಿಂದೆ ಕೂತು ಮರಿಯನ್ನು ಟವಲಿನಲ್ಲಿ ಸುತ್ತಿಕೊಂಡ. ಚಿಕ್ಕಬಳ್ಳಾಪುರದಲ್ಲಿ ಒಬ್ಬ ಖಾಸಗಿ ಡಾಕ್ಟರು ಸಿಕ್ಕರು. ಅವರು ಪಾದ ನೋಡಿದರು, ಬಾಯಿ ತೆರೆಸಿ ಟಾರ್ಚು ಬಿಟ್ಟರು. ನಾಲಿಗೆ ಬೆಂದು ಬೆಳ್ಳಗೆ ಹೊಪ್ಪಳೆದ್ದಿತ್ತು.

"ಏನು ತುಳಿಸಿದ್ರಿ ಇದಕ್ಕೆ?"

ಡಾಕ್ಟರು ಪಾದವನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಸುಣ್ಣ ಅಲ್ವಾ? ಕಾಲು ನೆಕ್ಕಿ ನೆಕ್ಕಿ ಗಂಟಲು ತನಕ ಸುಟ್ಕೊಂಡಿದೆ. ಎಷ್ಟು ದಿನದಿಂದ ತಿಂದಿಲ್ಲವೋ ಏನೋ. ತೀರಾ ಸಣ್ಣ ಮರಿ. ಡ್ರಿಪ್ ಹಾಕ್ತೀನಿ, ಇಂಜೆಕ್ಷನ್ ಕೊಡ್ತೀನಿ. ಉಳಿಯುತ್ತೆ ಅಂತ ಹೇಳಕ್ಕಾಗಲ್ಲ." ಡಾಕ್ಟರು ಮುದುಕನ ಕಡೆ ತಿರುಗಿ, "ಇದು ಅಳ್ಲಿಲ್ವೇನ್ರೀ?" ಎಂದರು.

ಡ್ರಿಪ್ ಮುಗಿದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮರಿಯೊಡನೆ ವಾಪಸು ಬಂದರು. ಮನೆಯ ಮುಂದೆ ಕೆಂಪರಾಜು ಬೈಕು ನಿಲ್ಲಿಸಿ, ಬೆನ್ನು ತಿರುಗಿಸಿಕೊಂಡೇ, "ನಾನು ಆವತ್ತು ಕಾಲು ತೊಳ್ದಿದ್ದೆ ಅಪ್ಪ," ಎಂದ. ಮೂವತ್ತು ವರ್ಷ ಒಳಗಿಟ್ಟುಕೊಂಡಿದ್ದ ಮಾತು. ಹೇಳಿ, ಮೆಟ್ಟಿಲು ಹತ್ತಿ ಹೋದ.

ಸೋಮವಾರ ಆವುಲಪ್ಪ ತಟ್ಟೆಯನ್ನು ಏಳು ಸಲ ತೊಳೆದ. ಡಬ್ಬದ ಸುಣ್ಣವನ್ನೆಲ್ಲ ಚರಂಡಿಗೆ ಸುರಿದ. ತಟ್ಟೆಗೆ ತನ್ನದೇ ಒಗೆದ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ಸಂಘಮಿತ್ರ ಶಾಲೆಗೆ ಹೋಗುವಾಗ ಅವನಿಗೆ ಟಾಟಾ ಮಾಡಲಿಲ್ಲ. ಮಂಗಳವಾರವೂ ಮಾಡಲಿಲ್ಲ. ಬಾಗಿಲಲ್ಲಿ ನಿಂತು ಒಂದು ಪ್ರಶ್ನೆ ಕೇಳಿದಳು. "ನಿಮ್ಮನ್ನ ತೊಟ್ಟೀಲಿ ನಿಲ್ಲಿಸ್ತಿದ್ರಲ್ಲ, ಅವ್ರು ಒಳ್ಳೇವ್ರು ಅಂತಿದ್ರಲ್ಲ ತಾತ. ಈಗ್ಲೂ ಒಳ್ಳೇವ್ರಾ?" ಉತ್ತರಕ್ಕೆ ಕಾಯದೆ ಇಳಿದುಹೋದಳು.

ಮಂಗಳವಾರ ಮಧ್ಯಾಹ್ನ ಮನೆಯಲ್ಲಿ ಅವರಿಬ್ಬರೇ. ಮರಿ ಅವನ ತೊಡೆಯ ಮೇಲೆ ಟವಲಿನಲ್ಲಿ ಮಲಗಿತ್ತು. ನಾಲ್ಕು ಕಾಲಿಗೂ ಬಿಳಿ ಪಟ್ಟಿ. ಅವನು ಹತ್ತಿಯನ್ನು ನೀರಿಗದ್ದಿ ಅದರ ತುಟಿಗೆ ಒತ್ತುತ್ತಿದ್ದ. ಅಲ್ಲಿ ಕೂತವನ ಬಾಯಿಯಿಂದ ತಾನಾಗಿಯೇ ಬಂತು: "ವೆಂಕಟರಾಮಪ್ಪಾ, ನಿನ್ ಮನೆ ಹಾಳಾಗ. ನಿನ್ ಕೈಗೆ ಹುಳ ಬೀಳ." ಐವತ್ತು ವರ್ಷ ತಡವಾಗಿ ಬಂದ ಬೈಗುಳ. ಬೈಸಿಕೊಳ್ಳಬೇಕಾದವರು ಸತ್ತು ಎಷ್ಟೋ ವರ್ಷವಾಗಿತ್ತು, ಅವರ ವಿದ್ಯೆ ಮಾತ್ರ ಇವನ ಕೈಯಲ್ಲಿ ಬದುಕಿತ್ತು.

ಮರಿ ಕಣ್ಣು ತೆರೆಯಿತು. ಮೈ ಬಿಗಿ ಮಾಡಿ ಕದಲಿತು. ಅವನಿಗೆ ಗೊತ್ತಾಯಿತು, ಉಚ್ಚೆಗೆ.

"ಇಲ್ಲೇ ಮಾಡಪ್ಪ," ಎಂದ. "ನನ್ ಮೇಲೇ ಮಾಡು. ಏನೂ ಅನ್ನಲ್ಲ ಕಣೋ. ಮಾಡು ಕಂದಾ, ನನ್ ಪಂಚೆ ಮೇಲೇ ಮಾಡು."

ಅದು ಮಾಡಲಿಲ್ಲ. ಟವಲಿನಿಂದ ಹೊರಳಿ, ಅವನ ಕೈ ತಪ್ಪಿಸಿಕೊಂಡು, ನೆಲಕ್ಕೆ ಬಿತ್ತು. ಪಟ್ಟಿ ಕಟ್ಟಿದ ಕಾಲುಗಳ ಮೇಲೆ ಎದ್ದು, ಬಿದ್ದು, ಮತ್ತೆ ಎದ್ದು, ಅಡುಗೆಮನೆ ದಾಟಿತು. ಆವುಲಪ್ಪ ಮಂಡಿಯೂರಿ ಹಿಂದೆ ಹಿಂದೆ ಹೋದ. "ಬೇಡ ಕಣೋ. ಇಲ್ಲೇ ಮಾಡೋ. ಮನೆಯೆಲ್ಲಾ ಮಾಡೋ. ನಾನು ಬಳೀತೀನಿ, ನಾನು ಒರೆಸ್ತೀನಿ, ಬೇಡ ಕಣೋ!" ಎತ್ತಿಕೊಳ್ಳಲು ಕೈ ಚಾಚಿದ. ಕೈ ಕಂಡ ಕೂಡಲೇ ಮರಿ ಹೆದರಿ ಇನ್ನೂ ಬೇಗ ತೆವಳಿತು.

ತಟ್ಟೆಯ ಅಂಚಿನ ಮುಂದೆ ನಿಂತಿತು. ಮೈ ನಡುಗಿತು. ಒಳಗಿದ್ದದ್ದು ಬರೀ ಮೆತ್ತನೆಯ ಪಂಚೆ. ಅದಕ್ಕೆ ಹೇಗೆ ಗೊತ್ತಾಗಬೇಕು? ಸುಡುತ್ತದೆ ಎಂದುಕೊಂಡೇ ಹತ್ತಿತು. ನಡುವಿಗೆ ಹೋಗಿ ನಾಲ್ಕು ಹನಿ ಹೊಯ್ದಿತು. ಹೊಯ್ದು, ಅಲ್ಲಾಡದೆ ಕೂತು, ಮುಖ ಎತ್ತಿ ಮುದುಕನನ್ನೇ ನೋಡಿತು. ಬಾಲದ ತುದಿ ಒಂದು ಸಲ ಪಂಚೆಗೆ ಬಡಿಯಿತು.

ಅದು ಕಾಯುತ್ತಿದ್ದ ಮಾತು ಯಾವುದೆಂದು ಅವನಿಗೆ ಗೊತ್ತಿತ್ತು. ಆ ಮಾತು ಹೇಳದಿದ್ದರೆ ಅದು ಇಳಿಯುವುದಿಲ್ಲ ಎಂದೂ ಗೊತ್ತಿತ್ತು. ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಕಡ್ಲೆ ಕಾಯಿತು. ಕೂತಲ್ಲೇ ತಲೆ ತೂಗಿತು, ಮತ್ತೆ ಎತ್ತಿ ನೋಡಿತು, ಮತ್ತೆ ತೂಗಿತು. ಕೆಳಗಿನಿಂದ ಶ್ಯಾಮಲಮ್ಮ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. "ಮೇಲಿನೋರಾ? ಬಲು ಕ್ಲೀನು ಕಣ್ರೀ. ನಾಯಿ ಇದೆ ಅಂತಾನೇ ಗೊತ್ತಾಗಲ್ಲ."

ಸಂಜೆ ಶಾಲೆಯಿಂದ ಬಂದ ಸಂಘಮಿತ್ರ ಚಪ್ಪಲಿ ಬಿಟ್ಟು ನೇರ ಹಿಂದಕ್ಕೆ ಓಡಿದಳು. ಮರಿ ತಟ್ಟೆಯಲ್ಲೇ ತಣ್ಣಗಾಗಿತ್ತು. ಎದುರಿಗೆ ಮುದುಕ ಮಂಡಿಯೂರಿ ಕೂತು, ಭೇಷ್, ಭೇಷ್, ಭೇಷ್ ಎನ್ನುತ್ತಿದ್ದ.